ಹೂವಿನ ಚಕ್ಕುಬಂದಿ

ಬೆಳಿಗ್ಗೆ ಆರೂಕಾಲು. ರಾಮನಗರದ ನಮ್ಮ ಬೀದಿಯಲ್ಲಿ ಕಾಂಪೌಂಡಿನ ಬುಡಕ್ಕೆ ಒಬ್ಬರು ಅಂಗಾತ ಬಿದ್ದಿರುತ್ತಾರೆ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ‘ಅಯ್ಯೋ, ಯಾರಿಗೋ ಏನೋ ಆಗಿದೆ’ ಎಂದು ನೀರಿನ ಚೊಂಬು ಹಿಡಿದು ಓಡಿ ಬರುತ್ತಾರೆ. ಹಳಬರು ಯಾರೂ ಓಡುವುದಿಲ್ಲ. ಹಾಲಿನವನು ಆ ಎರಡು ಕಾಲುಗಳನ್ನು ಬಳಸಿಕೊಂಡು ಸೈಕಲ್ ತಿರುಗಿಸಿ, ಪ್ಯಾಕೆಟ್ ಎಸೆದು ಹೋಗುತ್ತಾನೆ. ಬಿದ್ದಿರುವವರು ಸರ್ವೆಯರ್ ಸಾಹೇಬ್ರು. ಅವರ ಮುಖದಿಂದ ಒಂದು ಗೇಣು ಮೇಲೆ ಕೆಂಪು ದಾಸವಾಳ. ದಾಸವಾಳಕ್ಕೂ ಮುಖಕ್ಕೂ ನಡುವೆ ಮೊಬೈಲು.

35 ವರ್ಷ ಭೂಮಾಪನ ಇಲಾಖೆಯಲ್ಲಿ ಚೈನು ಎಳೆಸಿದ ಮನುಷ್ಯ. ಮಾಗಡಿ, ಕನಕಪುರ, ಚನ್ನಪಟ್ಟಣ ಎನ್ನದೆ ಎಲ್ಲ ಕಡೆ ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿ ಬಂದವರು. ನಿವೃತ್ತಿಯ ದಿನ ಜೊತೆಯವರು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಳ್ಳೆ ಕ್ಯಾಮೆರಾ ಇರುವ ಮೊಬೈಲೊಂದನ್ನು ಕೊಟ್ಟರು. ಶಾಲು ಬೀರು ಸೇರಿತು, ಹಣ್ಣು ಮುಗಿಯಿತು, ಮೊಬೈಲು ಉಳಿಯಿತು. ನಮ್ಮ ಗ್ರಹಚಾರ.

ಬೆಳಗಾದರೆ ‘ಶುಭೋದಯ’ ಎಂದು ಗುಲಾಬಿ ಕಳಿಸುವವರು ಊರ ತುಂಬ ಇದ್ದಾರೆ. ಸಾಹೇಬ್ರನ್ನು ಆ ಗುಂಪಿಗೆ ಸೇರಿಸಿದರೆ ಅವರಿಗೆ ಕೋಪ ಬರುತ್ತದೆ. ಅವರೆಲ್ಲ ಯಾರೋ ತೆಗೆದ ಹೂವನ್ನು ಮುಂದಕ್ಕೆ ತಳ್ಳುವವರು. ಸಾಹೇಬ್ರದು ಸ್ವಂತ ಸಾಗುವಳಿ. ಅವರ ಪ್ರಕಾರ ಫೋಟೊ ತೆಗೆಯುವುದು ಕೆಲಸವೇ ಅಲ್ಲ, ಮಕ್ಕಳೂ ತೆಗೆಯುತ್ತವೆ. ತೆಗೆದದ್ದನ್ನು ಪೋಡಿ ಮಾಡುವುದರಲ್ಲಿ ಇರುವುದು ವಿದ್ಯೆ. ಜಗಲಿಯಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿ, ಚಿತ್ರದ ಚಕ್ಕುಬಂದಿ ಓದುತ್ತಾರೆ: ‘ಪೂರ್ವಕ್ಕೆ ಬಾಡಿದ ಎಲೆ, ಪಶ್ಚಿಮಕ್ಕೆ ಇರುವೆ ಸಾಲು, ಉತ್ತರಕ್ಕೆ ಆಕಾಶ, ದಕ್ಷಿಣಕ್ಕೆ ಪಕ್ಕದ ಮನೆಯವರ ಲುಂಗಿ.’ ಎಲೆ ಖರಾಬು, ಲುಂಗಿ ಒತ್ತುವರಿ. ಎರಡನ್ನೂ ತೆರವು ಮಾಡಬೇಕು. ಲುಂಗಿ ನನ್ನದು. ಈಗ ಹಿತ್ತಲಲ್ಲಿ ಒಣಗಿಸುತ್ತೇವೆ.

ಎಲ್ಲರೂ ಪರದೆಯ ಮೇಲೆ ಬೆರಳಲ್ಲಿ ಎಳೆದು ಮುಗಿಸುವ ಈ ಕೆಲಸಕ್ಕೆ ಅವರ ಹತ್ತಿರ ಒಂದು ಉಪಕರಣ ಉಂಟು. ಫಿಲ್ಮಿನ ಕಾಲದಲ್ಲಿ ಫೋಟೊಗ್ರಾಫರುಗಳು ಪ್ರಿಂಟಿನ ಮೇಲೆ ಎಲ್ ಆಕಾರದ ಎರಡು ರಟ್ಟು ಇಟ್ಟು, ಹಿಂದೆ ಮುಂದೆ ಸರಿಸಿ, ಎಲ್ಲಿ ಕತ್ತರಿಸಬೇಕೆಂದು ನೋಡುತ್ತಿದ್ದರು. ಇದನ್ನು ಎಲ್ಲೋ ಓದಿದ ದಿನವೇ ಸಾಹೇಬ್ರು ದಪ್ಪನೆಯ ಲಗ್ನಪತ್ರಿಕೆಯೊಂದನ್ನು ಕತ್ತರಿಸಿ ಎರಡು ಎಲ್ ಮಾಡಿಕೊಂಡರು. ಒಂದರ ಮೇಲೆ ವರನ ಕಡೆಯವರ ಹೆಸರು, ಇನ್ನೊಂದರ ಮೇಲೆ ವಧುವಿನ ಕಡೆಯವರದು. ಕ್ರಾಪು ಬಿಗಿಯಾದಷ್ಟೂ ಎರಡು ಕಡೆಯವರು ಹತ್ತಿರವಾಗುತ್ತಾರೆ, ಸಡಿಲಿಸಿದರೆ ದೂರ ಸರಿಯುತ್ತಾರೆ. ಈ ಎಲ್‌ಗಳು ಸದಾ ಅಂಗಿಯ ಜೇಬಿನಲ್ಲಿ. ಹೋಟೆಲಿನಲ್ಲಿ ಮಸಾಲೆ ದೋಸೆ ಬಂದರೆ ಅದರ ಸುತ್ತ ಎಲ್ ಇಟ್ಟು, ಚಟ್ನಿ ಬಟ್ಟಲನ್ನು ಹೊರಗೆ ಹಾಕಿ, ನಿಟ್ಟುಸಿರು ಬಿಟ್ಟು, ಆಮೇಲೆ ತಿನ್ನುವುದು. ನನ್ನ ಮಗಳ ಮದುವೆಯ ಆಲ್ಬಂ ತೋರಿಸಿದಾಗಲೂ ಗ್ರೂಪ್ ಫೋಟೊ ಮೇಲೆ ಎಲ್ ಇಟ್ಟರು. ‘ಬಲಗಡೆ ಇವರಿಬ್ಬರು ಬೇಡ. ತೆಗೆದರೆ ಚಿತ್ರ ಉಸಿರಾಡುತ್ತೆ.’ ಬೇಡ ಅಂದದ್ದು ನನ್ನ ಬೀಗರನ್ನು. ತೀರ್ಪು ತಪ್ಪು ಎನ್ನುವ ಧೈರ್ಯ ನನಗೂ ಆಗಲಿಲ್ಲ.

ಹೂವನ್ನು ನಟ್ಟನಡುವೆ ಕೂರಿಸುವುದು ಅವರಿಗೆ ಸಹಿಸದ ಸಂಗತಿ. ಅಗಲ ಮೂರು ಪಾಲು, ಎತ್ತರ ಮೂರು ಪಾಲು. ಗೆರೆಗಳು ಕೂಡುವ ನಾಲ್ಕು ಜಾಗಗಳಲ್ಲಿ ಯಾವುದಾದರೂ ಒಂದರಲ್ಲಿ ಕಲ್ಲು ನೆಡಬೇಕು, ಅಂದರೆ ಹೂ ಇಡಬೇಕು. 1797ರಲ್ಲೇ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಈ ಮೂರನೇ ಒಂದರ ಸೂತ್ರದ ಬಗ್ಗೆ ಬರೆದಿದ್ದಾನೆ ಎಂದು ಹಳೆಯ ಹುಕುಂನಂತೆ ಇಸವಿ ಸಮೇತ ಹೇಳುತ್ತಾರೆ. ಅವರ ಮನೆಯಾಕೆ, ನಾವೆಲ್ಲ ಅಕ್ಕ ಅನ್ನುತ್ತೇವೆ, ಒಮ್ಮೆ ಕೇಳಿದರು:

‘ದೇವ್ರ ಪಟದಲ್ಲಿ ದೇವ್ರು ನಡುಮಧ್ಯೆ ತಾನೆ ಕೂತಿರೋದು?’

‘ಅದು ಕಂಪೋಸಿಷನ್ ತಪ್ಪು ಕಣೇ.’

ಅಕ್ಕ ದಾಸವಾಳ ಕಿತ್ತುಕೊಂಡು ಒಳಗೆ ಹೋದರು. ಆ ಮನೆಯ ದಿನನಿತ್ಯದ ವ್ಯಾಜ್ಯವೇ ಇದು. ಬೆಳಕು ಬರುವ ತನಕ ಹೂ ಗಿಡದಲ್ಲಿರಬೇಕು ಎಂದು ಇವರು. ಬಿಸಿಲು ಬೀಳುವ ಮೊದಲು ಹೂ ದೇವರ ತಲೆಯ ಮೇಲಿರಬೇಕು ಎಂದು ಅವರು. ಸದ್ಯಕ್ಕೆ ಗಿಡದ ಎಡಭಾಗ ಫೋಟೊಗೆ, ಬಲಭಾಗ ಪೂಜೆಗೆ ಎಂದು ಬಾಯಿಮಾತಿನ ವಿಭಾಗವಾಗಿದೆ. ನೋಂದಣಿ ಆಗಿಲ್ಲ.

ಕ್ರಾಪ್ ಮಾಡುವುದು ಮೋಸ ಅಲ್ಲವೇ ಎಂದು ಯಾರಾದರೂ ಕೇಳಿದರೆ ಸಾಹೇಬ್ರು ರಾಮದೇವರ ಬೆಟ್ಟದ ಕಡೆ ಕೈ ತೋರುತ್ತಾರೆ. ‘ಶೋಲೆ’ಯ ಚಿತ್ರೀಕರಣ ಅಲ್ಲಿ ಶುರುವಾದದ್ದು 1973ರ ಅಕ್ಟೋಬರಿನಲ್ಲಿ. 70 ಎಂಎಂ ಚಿತ್ರವೆಂದು ದೇಶವೆಲ್ಲ ಬಾಯಿ ಬಿಟ್ಟು ನೋಡಿತು, ಆದರೆ ತೆಗೆದದ್ದು ಸಾಮಾನ್ಯ 35 ಎಂಎಂ ಫಿಲ್ಮಿನಲ್ಲಿ. 4:3ರ ಚಿತ್ರವನ್ನು ಆಮೇಲೆ 2.2:1ರ ಅಗಲಕ್ಕೆ ಹೊಂದಿಸಿದರು. ‘ಅಂದ್ರೆ ಏನಾಯ್ತು? ನಮ್ಮೂರ ಬೆಟ್ಟದ ಆಕಾಶ, ನಮ್ಮೂರ ಬೆಟ್ಟದ ನೆಲ, ಎರಡನ್ನೂ ಕತ್ತರಿಸಿದರು. ಗಬ್ಬರ್ ಕಡಿಮೆಯಾದ್ನಾ?’ ವಾದ ಇಲ್ಲಿಗೆ ಮುಗಿಯುವುದಿಲ್ಲ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಎಂ. ವೈ. ಘೋರ್ಪಡೆಯವರು ಒಳ್ಳೆಯ ಛಾಯಾಗ್ರಾಹಕರೂ ಆಗಿದ್ದರು, ಕತ್ತರಿ ಎಲ್ಲಿ ಹಾಕಬೇಕೆಂದು ಹಣಕಾಸಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎನ್ನುತ್ತಾರೆ. 2007ರಲ್ಲಿ ರಾಮನಗರ ಜಿಲ್ಲೆಯನ್ನೇ ಬೆಂಗಳೂರು ಗ್ರಾಮಾಂತರದಿಂದ ಕ್ರಾಪ್ ಮಾಡಲಿಲ್ಲವೇ ಎನ್ನುತ್ತಾರೆ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದಾಗ ಅವರು ಆಡಿದ್ದು ಒಂದೇ ಮಾತು: ‘ಹೂ ಅದೇ, ಶೀರ್ಷಿಕೆ ಬೇರೆ.’

ತೊಂದರೆ ಏನೆಂದರೆ, ಕತ್ತರಿಸಲು ಶುರು ಮಾಡಿದರೆ ಅವರ ಕೈ ನಿಲ್ಲುವುದಿಲ್ಲ. 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಕಡಿದರೆ ಉಳಿಯುವುದು 3. ಎಕರೆಗೆ 40 ಗುಂಟೆ, ಕೈಗೆ ಬರುವುದು 10 ಗುಂಟೆ. ಈ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಹತ್ತನ್ನು ಎರಡೂವರೆ ಮಾಡಿ, ಎರಡೂವರೆಯಲ್ಲೂ ಮೂಲೆಯ ಒಂದು ಕಡ್ಡಿಯನ್ನು ಕಂಡು ಹಲ್ಲು ಕಡಿಯುತ್ತಾರೆ. ಹೋದ ವರ್ಷ ಹುಚ್ಚೆಳ್ಳಿನ ಹೂ ಎಂದು ಕಳಿಸಿದ್ದನ್ನು ನೋಡಿ ಅವರ ಅಳಿಯ ‘ಮಾವ, ಯಾವ ಪೇಂಟು? ಹಾಲ್‌ಗೆ ಚೆನ್ನಾಗಿರುತ್ತೆ’ ಎಂದು ಉತ್ತರ ಬರೆದ.

ಆ ಹುಚ್ಚೆಳ್ಳಿನ ದಿನ ನಾನೂ ಜೊತೆಗಿದ್ದೆ. ಮಾಗಡಿ ಕಡೆಯ ಒಂದು ಹೊಲ, ಹಿಂದೆ ಸಾವನದುರ್ಗ, ಮುಂದೆ ಕಣ್ಣು ಕುಕ್ಕುವ ಹಳದಿ. ಸಾಹೇಬ್ರು ಬದುವಿನ ಮೇಲೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿದ್ದೇ ತಡ, ಎಲ್ಲಿದ್ದನೋ ಹೊಲದ ಯಜಮಾನ ಬಂದ.

‘ಏನ್ ಸಾ, ಮತ್ತೆ ಅಳತೆ ಬಂತಾ? ರೋಡ್‌ಗಾ, ಟೌನ್‌ಶಿಪ್‌ಗಾ?’

‘ಅದಲ್ಲಪ್ಪ, ಹೂವಿನ ಫೋಟೊ.’

‘ಹೂವಿಂದು ಯಾಕ್ ಸಾ? ಪರಿಹಾರಕ್ಕಾ?’

ಪರಿಹಾರ ಎಂಬ ಶಬ್ದ ಆ ಬಯಲಿನಲ್ಲಿ ಎಷ್ಟು ದೂರ ಕೇಳುತ್ತದೋ ನಾನರಿಯೆ. ಐದು ನಿಮಿಷದಲ್ಲಿ ಏಳು ಜನ. ಒಬ್ಬರ ಕೈಯಲ್ಲಿ ಪಹಣಿಯ ಜೆರಾಕ್ಸು. ಪಕ್ಕದ ಹೊಲದವನಿಗೆ ದಾಯಾದಿಯ ಹೂವನ್ನು ಮಾತ್ರ ತೆಗೆದದ್ದಕ್ಕೆ ಸಿಟ್ಟು. ತನ್ನದನ್ನೂ ತೆಗೆಯಬೇಕೆಂದು ಪಟ್ಟು. ಸಾಹೇಬ್ರು ಸಮಾಧಾನಕ್ಕೆಂದು ಮೊಬೈಲು ತೋರಿಸಿದರು. ಅಷ್ಟರಲ್ಲಿ ಅಭ್ಯಾಸಬಲದಿಂದ ಕ್ರಾಪ್ ಮಾಡಿ ಆಗಿತ್ತು. ಯಜಮಾನ ಇಣುಕಿ ನೋಡಿದವನ ಮುಖ ಬಿಗಿಯಿತು.

‘ಬದ ಎಲ್ಲಿ ಸಾ?’

‘ಬದು ಬೇಡಪ್ಪ, ಚಿತ್ರಕ್ಕೆ ಭಾರ ಆಗುತ್ತೆ.’

‘ಬದ ಬೇಡ ಅಂದ್ರೆ? ನಮ್ಮಪ್ಪನ ಕಾಲದಿಂದ ಐತೆ. ನೀವೇ ಅಲ್ವಾ ಸಾ ಅವತ್ತು ಕಲ್ಲು ನೆಟ್ಟಿದ್ದು?’

ಮೂರನೇ ಒಂದರ ಸೂತ್ರ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಎರಡೂ ಹೊಲ, ಎರಡೂ ಬದು, ಮೋಟಾರು ಮನೆ, ಬೇವಿನ ಮರ, ಕಟ್ಟಿದ್ದ ಎಮ್ಮೆ, ಏಳು ಜನ ಇಷ್ಟೂ ಬರುವ ಹಾಗೆ ಒಂದು ಫೋಟೊ ತೆಗೆದು, ಎಲ್ಲರ ನಂಬರಿಗೂ ಅಲ್ಲೇ ನಿಂತು ಕಳಿಸಬೇಕಾಯಿತು. ಸಾಹೇಬ್ರ ಮೊಬೈಲಿನಲ್ಲಿ ಕತ್ತರಿ ಕಾಣದ ಚಿತ್ರ ಅದೊಂದೇ. ಚೆನ್ನಾಗಿ ಬಂದಿದೆ. ನಾನು ಹಾಗೆಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಸ್ಪರ್ಧೆಗಳಿಗೂ ಕಳಿಸುತ್ತಾರೆ. ಒಮ್ಮೆ ‘ನೇಚರ್’ ವಿಭಾಗಕ್ಕೆ ಮನೆಯ ದಾಸವಾಳವನ್ನೇ ಕಳಿಸಿದರು, ವಾಪಸು ಬಂತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮನುಷ್ಯ ಬೆಳೆಸಿದ ಗಿಡ, ತಳಿ ಬೆರೆಸಿದ ಹೂ ಇವೆಲ್ಲ ಆ ವಿಭಾಗಕ್ಕೆ ಸಲ್ಲುವುದಿಲ್ಲ, ತಾನಾಗಿ ಬೆಳೆದದ್ದೇ ಆಗಬೇಕು. ಅಂದಿನಿಂದ ಅವರು ಅಂಗಳದ ಕಳೆ ಕೀಳಿಸುವುದನ್ನು ನಿಲ್ಲಿಸಿದ್ದಾರೆ. ತುಂಬೆ, ಎಕ್ಕ, ಮುಟ್ಟಿದರೆ ಮುನಿ, ಪಾರ್ಥೇನಿಯಂ ಎಲ್ಲಕ್ಕೂ ಅಲ್ಲಿ ಈಗ ಬಗರ್‌ಹುಕುಂ ಹಕ್ಕು ಸಿಕ್ಕಿದೆ. ಹಾವು ಬಂದರೆ ಯಾರು ಜವಾಬ್ದಾರಿ ಎಂದು ಅಕ್ಕ ಕೇಳಿದರೆ, ಹಾವೂ ನೇಚರ್ ವಿಭಾಗಕ್ಕೆ ಬರುತ್ತದೆ ಎಂಬ ಉತ್ತರ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಕಳೆಯಲ್ಲೇ ತೆಗೆದ ಒಂದು ತುಂಬೆ ಹೂ ಇದೆ. ಉಗುರಿನಷ್ಟಿರುವ ಬಿಳಿ, ಅದರ ತುಟಿಯ ಮೇಲೆ ಕಾಲೂರಿ ನಿಂತ ಒಂದು ಜೇನು, ಎಡಕ್ಕೆಲ್ಲ ಬರಿಯ ಕಪ್ಪು. ಆ ಕಪ್ಪು ಅಕ್ಕನ ಹಳೆಯ ಕೊಡೆ. ಹಿಂದೆ ಹಿಡಿದು ಹತ್ತು ನಿಮಿಷ ಅಲ್ಲಾಡದೆ ನಿಂತಿದ್ದವರೂ ಅಕ್ಕನೇ. ಅವರ ಹೆಬ್ಬೆರಳು ಚಿತ್ರದ ಅಂಚಿನಲ್ಲಿ ಕಾಣುತ್ತಿತ್ತಂತೆ, ಕತ್ತರಿಸಿದರು. ಅಷ್ಟು ಕಡಿದ ಮೇಲೂ ಆ ಹೂವನ್ನು ನೋಡುತ್ತ ಕೂರಬಹುದು. ಇಂಥದ್ದೊಂದು ಇರುವುದರಿಂದಲೇ ಉಳಿದ ನಾಲ್ಕು ಸಾವಿರವನ್ನು ನಾವು ಸಹಿಸಿಕೊಂಡಿದ್ದೇವೆ.

ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ಹಿಂದಿನ ಸಂಜೆ ದಂಪತಿ ಹೂ ತರಲು ಹೋದರು. ಹೂವಿನವಳು ಮೊಳ ಹಾಕಿದ ರೀತಿಗೆ ಸಾಹೇಬ್ರು ಆಕ್ಷೇಪಣೆ ಎತ್ತಿದರು. ‘ನಿಮ್ ಕೈಯಲ್ಲೇ ಅಳ್ಕೊಳಿ ಸಾ, ದುಡ್ಡೂ ನಿಮ್ ಕೈಯಷ್ಟೇ ಉದ್ದ ಕೊಡಿ’ ಎಂದಳಂತೆ. ಅಕ್ಕ ರಾತ್ರಿ ಹನ್ನೆರಡರವರೆಗೆ ಕೂತು ಕಲಶಕ್ಕೆ ಸೀರೆ ನೆರಿಗೆ ಹಿಡಿದು, ಮುಖವಾಡ ಕೂರಿಸಿ, ಡಾಬು ತೊಡಿಸಿ, ಜಡೆಗೆ ಕನಕಾಂಬರ, ಕಿವಿಯ ಪಕ್ಕ ಕೇದಿಗೆ, ಪಾದಕ್ಕೆ ಎರಡು ಕಮಲ ಇಟ್ಟರು. ಬೆಳಿಗ್ಗೆ ಮನೆಮಂದಿಯ ಗ್ರೂಪಿನಲ್ಲಿ ತಂಗಿಯರು, ನಾದಿನಿಯರು, ಓರಗಿತ್ತಿಯರು ಒಬ್ಬೊಬ್ಬರೇ ತಮ್ಮ ತಮ್ಮ ಲಕ್ಷ್ಮಿಯನ್ನು ಹಾಕತೊಡಗಿದರು. ‘ರೀ, ನಮ್ದೂ ಒಂದು ಚೆನ್ನಾಗಿ ತೆಗ್ದು ಹಾಕಿ’ ಎಂದು ಹೇಳಿ ಅಕ್ಕ ಒಬ್ಬಟ್ಟು ತಟ್ಟಲು ಹೋದರು. ಹೇಳಬಾರದಿತ್ತು.

ಸಾಹೇಬ್ರು ಎಲ್ ತೆಗೆದರು. ಮುಕ್ಕಾಲು ಗಂಟೆ ಹೆಣಗಿದರು. ಗ್ರೂಪಿಗೆ ಹೋದದ್ದು ಕೆಳಮೂಲೆಯಲ್ಲಿ ಒಂದು ಕಮಲದ ಎಸಳು, ಅದರ ಮೇಲೆ ಒಂದು ಹನಿ, ಉಳಿದೆಲ್ಲ ಕತ್ತಲೆ.

ನಾನು ಒಬ್ಬಟ್ಟಿನ ಮುಂದೆ ಕೂತಿದ್ದಾಗ ಮೊದಲ ಫೋನು ಬಂತು. ಕನಕಪುರದ ತಂಗಿ. ‘ಅಕ್ಕಾ, ಈ ವರ್ಷ ಲಕ್ಷ್ಮಿ ಕೂರಿಸ್ಲಿಲ್ವಾ? ಏನಾದ್ರೂ ಸೂತಕವಾ?’ ಅಕ್ಕ ಸಮಜಾಯಿಷಿ ಹೇಳಿ ಇಡುವಷ್ಟರಲ್ಲಿ ಚನ್ನಪಟ್ಟಣದಿಂದ ಚಿಕ್ಕಮ್ಮ: ‘ಯಾರು ಹೋಗಿದ್ದು? ಯಾವಾಗ? ನಮಗೊಂದು ಮಾತು ಹೇಳ್ಬಾರ್ದಾ?’ ಮೂರನೆಯದು ಮತ್ತೆ ಕನಕಪುರದ್ದೇ. ಹೊರಡಬೇಕಾ, ಬೇಡವಾ ಎಂದು ಕೇಳಲು. ಅಕ್ಕ ಮಾತಾಡದೆ ಹಿಟ್ಟಿನ ಕೈಯಲ್ಲೇ ಫೋನನ್ನು ಸಾಹೇಬ್ರ ಕಿವಿಗೆ ಹಿಡಿದರು.

‘ಭಾವ, ಏನಿದು? ಲಕ್ಷ್ಮಿ ಎಲ್ಲಿ?’

‘ಇದ್ದಾಳಮ್ಮ, ಇದ್ದಾಳೆ’ ಅಂದರು ಸಾಹೇಬ್ರು ಗಂಟಲು ಸರಿಮಾಡಿಕೊಂಡು. ‘ಫ್ರೇಮಿನಿಂದ ಆಚೆಗಿದ್ದಾಳೆ.’

‘ಅದು ನಂಗೆ ಈ ಮನೆಗೆ ಬಂದಾಗ್ಲಿಂದ ಗೊತ್ತು’ ಎಂದು ಅಕ್ಕ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.