ಥೇಟ್ ಮಾವ

ನಯಾಗರ ಜಲಪಾತದ ವಿಡಿಯೋ ತೋರಿಸಿದಾಗ "ಥೇಟ್ ನಮ್ಮ ಚುಂಚನಕಟ್ಟೆ ಕಣೋ, ಆ ವರ್ಷ ಮಳೆ ಒಂಚೂರು ಜಾಸ್ತಿ ಆಗಿದೆ ಅಷ್ಟೆ" ಎಂದವರು ನಮ್ಮ ಸೋದರಮಾವ. ಆಗ್ರಾಕ್ಕೆ ಹೋಗಿ ಬಂದಾಗ ತಾಜಮಹಲು ಹೇಗಿತ್ತು ಅಂತ ಕೇಳಿದೆವು. "ಥೇಟ್ ಗೋಲಗುಂಬಜ್. ಸುಣ್ಣಗಿಣ್ಣ ಹೊಡೆಸಿ ಚೆನ್ನಾಗಿಟ್ಕೊಂಡಿದಾರೆ" ಎಂದರು. ಸಿಂಗಪುರದ ಮಗ ಎಂಟು ದಿನ ರಜೆ ಹಾಕಿ ಆ ದೇಶವನ್ನೆಲ್ಲ ಸುತ್ತಿಸಿದ. ವಿಮಾನ ಹತ್ತಿಸುವಾಗ ಅವನಿಗೆ ಸಿಕ್ಕ ಪ್ರಶಸ್ತಿಪತ್ರ: "ಥೇಟ್ ಮೈಸೂರಿನ ಯಾದವಗಿರಿ. ಜನ ಸ್ವಲ್ಪ ಅವಸರದವರು."

ಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಪಿಂಚಣಿ ಪುಸ್ತಕದಲ್ಲಿದೆ. ನಮ್ಮ ಬಳಗದಲ್ಲಿ ಮಾತ್ರ ಅವರು 'ಥೇಟ್ ಮಾವ'.

ತಪ್ಪು ಪೂರ್ತಿ ಅವರದೂ ಅಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅವರು ಸರ್ವೆ ಇಲಾಖೆಯಲ್ಲಿದ್ದವರು. ಯಾವ ಹೊಲಕ್ಕೆ ಕಾಲಿಟ್ಟರೂ ಸರ್ವೇಯರು ಮೊದಲು ಹುಡುಕುವುದು ಹಳೇ ಬಾಂದುಕಲ್ಲನ್ನು. ಅದೊಂದು ಸಿಕ್ಕಿದರೆ ಸಾಕು, ಅಲ್ಲಿಂದ ಚೈನು ಹಿಡಿದು ಮಿಕ್ಕಿದ್ದನ್ನೆಲ್ಲ ಅಳೆಯಬಹುದು. ಮಾವ ನಿವೃತ್ತರಾದರು, ಚಟ ನಿವೃತ್ತವಾಗಲಿಲ್ಲ. ಈಗಲೂ ಹೊಸದೇನಾದರೂ ಕಣ್ಣಿಗೆ ಬಿದ್ದರೆ ಗಂಟಲು ಸರಿಮಾಡಿಕೊಂಡು ತಮ್ಮ ತಲೆಯೊಳಗಿನ ಬಾಂದುಕಲ್ಲು ಹುಡುಕುತ್ತಾರೆ. ಸಿಕ್ಕ ಕೂಡಲೇ "ಥೇಟ್!" ಎಂಬ ಉದ್ಗಾರ ಹೊರಡುತ್ತದೆ. ಆಮೇಲೆ ಆ ವಸ್ತುವನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ಇಂಥವರು ನಿಮ್ಮ ಮನೆಯಲ್ಲೂ ಇರುತ್ತಾರೆ. ಪ್ರವಾಸದ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಇವರದೇ. ಗೈಡು ಬಾಯಿ ತೆರೆಯುವ ಮುಂಚೆಯೇ "ಗೊತ್ತು ಬಿಡಪ್ಪ" ಎನ್ನುತ್ತಾರೆ. ಇವರಿಗೆ ಹೊಸ ಊರು ತೋರಿಸುವುದೂ ಒಂದೇ, ತಿರುಪತಿ ಕ್ಷೌರಿಕನಿಗೆ ಬೋಳುತಲೆ ತೋರಿಸುವುದೂ ಒಂದೇ.

ಹೋದ ದಸರಾ ರಜೆಯಲ್ಲಿ ಮಾವ, ಅತ್ತೆಯನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋಗುವ ಯೋಚನೆ ಬಂದದ್ದು ನನ್ನ ಮಗಳಿಗೆ. ಅವಳ ಲೆಕ್ಕ ಸರಳವಾಗಿತ್ತು. "ಟಿಬೆಟ್ಟಿನವರ ದೇವಸ್ಥಾನ ಅಪ್ಪ. ಥೇಟ್ ಅನ್ನೋಕೆ ತಾತನಿಗೆ ಅಲ್ಲಿ ಏನೂ ಸಿಗಲ್ಲ. ಬೆಟ್ ಕಟ್ತೀಯಾ?" ನಾನು ಒಂದು ಮಸಾಲೆದೋಸೆಗೆ ಕಟ್ಟಿದೆ.

ಮೈಸೂರಿಂದ 80 ಚಿಲ್ಲರೆ ಕಿಲೋಮೀಟರು. ಹುಣಸೂರು, ಪಿರಿಯಾಪಟ್ಟಣ ದಾಟಿ, ಇನ್ನೇನು ಕುಶಾಲನಗರ ಬಂತು ಎನ್ನುವಾಗ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ಎರಡೂ ಕಡೆ ಮುಸುಕಿನ ಜೋಳದ ಹೊಲ. ಮನೆ ಮನೆಯ ಮುಂದೆ ದಾರಕ್ಕೆ ಪೋಣಿಸಿದ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಾವುಟಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಅವುಗಳ ಮೇಲೆ ಮಂತ್ರ ಅಚ್ಚಾಗಿರುತ್ತದೆ, ಗಾಳಿ ಮುಟ್ಟಿದಷ್ಟು ದೂರ ಮಂತ್ರ ಹೋಗುತ್ತದೆ ಎನ್ನುವುದು ಅವರ ನಂಬಿಕೆ ಎಂದು ಮಗಳು ವಿವರಿಸಲು ಶುರು ಮಾಡಿದ್ದಳಷ್ಟೆ.

"ಥೇಟ್ ಗಣಪತಿ ಪೆಂಡಾಲು" ಎಂದರು ಮಾವ.

ನಾನು ಕನ್ನಡಿಯಲ್ಲಿ ಮಗಳ ಮುಖ ನೋಡಿದೆ. "ಇನ್ನೂ ಒಳಗೇ ಹೋಗಿಲ್ಲ" ಎಂದು ಗೊಣಗಿದಳು.

ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇವಾಲಯದ ಒಳಗೆ ಕಾಲಿಟ್ಟರೆ ಎಂಥ ಮಾತುಗಾರರೂ ಒಂದು ಗಳಿಗೆ ಸುಮ್ಮನಾಗಬೇಕು. ನಡುವೆ 60 ಅಡಿಯ ಬುದ್ಧ. ಅಕ್ಕಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯು, ಒಬ್ಬೊಬ್ಬರೂ 58 ಅಡಿ. ತಾಮ್ರದ ಮೈಗೆ ಚಿನ್ನದ ಲೇಪ, ಒಳಗೆ ಧರ್ಮಗ್ರಂಥಗಳು, ಪುಟ್ಟ ಪುಟ್ಟ ಸ್ತೂಪಗಳು. ಕಂಬಗಳಿಗೆ ಸುತ್ತಿಕೊಂಡ ಡ್ರ್ಯಾಗನ್ನುಗಳು, ಗೋಡೆ ತುಂಬ ಕೋರೆಹಲ್ಲಿನ ದೇವತೆಗಳು. ಮಾವ ಕತ್ತೆತ್ತಿ ನಿಂತರು. ಮಗಳು ಉಸಿರು ಬಿಗಿಹಿಡಿದಳು.

"ತ್ರಿಮೂರ್ತಿಗಳು" ಎಂದರು ಮಾವ.

"ಅಲ್ಲ ತಾತ. ಅದು ಬುದ್ಧ. ಮೀಸೆ ಇರೋರು ಪದ್ಮಸಂಭವ, ಎಂಟನೇ ಶತಮಾನದಲ್ಲಿ ಟಿಬೆಟ್ಟಿಗೆ ಹೋಗಿ ಅಲ್ಲಿನ ಭೂತ ಪ್ರೇತಗಳನ್ನೆಲ್ಲ ಅಡಗಿಸಿದ ಗುರು. ಇವರು ಅಮಿತಾಯು, ಆಯಸ್ಸು ಕೊಡೋ ಬುದ್ಧ."

"ಮೀಸೆ ಬಿಟ್ಕೊಂಡು ಭೂತ ಹಿಡಿಯೋನು ಅಂದ್ಮೇಲೆ ಥೇಟ್ ನಮ್ಮ ಮುನೇಶ್ವರ. ಎತ್ತರ ಎಷ್ಟಂದೆ, 58 ಅಡಿಯಾ? ಬೆಳಗೊಳದ ಗೊಮ್ಮಟ ಎಷ್ಟು? ನೀನು ಇಸ್ಕೂಲಲ್ಲಿ ಓದಿಲ್ವಾ? 58! ಅಡಿಗಡಿ ತಾಳೆ!"

"ಗೊಮ್ಮಟ ನಿಂತಿದಾನೆ ತಾತ. ಇವರು ಕೂತಿದಾರೆ."

"ಕೂತ್ರೇನು, ನಿಂತ್ರೇನು? ಅಳತೆ ಅಳತೇನೇ" ಎಂದು ಸರ್ವೆ ಇಲಾಖೆ ತೀರ್ಪು ಕೊಟ್ಟಿತು.

ಅಷ್ಟರಲ್ಲಿ ಅತ್ತೆ ತಮ್ಮ ಪಾಡಿಗೆ ತಾವು ಬುದ್ಧನ ಮುಂದೆ ಅಡ್ಡಬಿದ್ದು, ಹುಂಡಿಗೆ ಹತ್ತು ರೂಪಾಯಿ ಹಾಕಿ, ತೀರ್ಥ ಕೊಡುವವರು ಯಾರಾದರೂ ಬರುತ್ತಾರೇನೋ ಎಂದು ಅಂಗೈ ಗುಳಿ ಮಾಡಿಕೊಂಡು ನಿಂತಿದ್ದರು. ಯಾರೂ ಬರಲಿಲ್ಲ. ಸಾಲಾಗಿ ಇಟ್ಟಿದ್ದ ನೀರಿನ ಬಟ್ಟಲುಗಳನ್ನು ದೂರದಿಂದಲೇ ಕಣ್ಣಿಗೊತ್ತಿಕೊಂಡು ಹೊರಟರು. ಅವರಿಗೆ ಯಾವ ಹೋಲಿಕೆಯೂ ಬೇಕಾಗಿರಲಿಲ್ಲ.

ಪೂಜೆಯ ಹೊತ್ತಾಯಿತು. ಕೆಂಗಂದು ಬಟ್ಟೆಯ ಭಿಕ್ಷುಗಳು ಸಾಲು ಸಾಲಾಗಿ ಕೂತರು. ಆಳುದ್ದ ಮೀರಿದ ಕಹಳೆಗಳು ಮೊಳಗಿದವು, ನಗಾರಿ, ತಾಳ ಸೇರಿಕೊಂಡವು, ಹೊಟ್ಟೆಯ ತಳದಿಂದ ಎದ್ದ ಮಂತ್ರಘೋಷಕ್ಕೆ ನೆಲ ಗುಂಯ್‌ಗುಟ್ಟಿತು. ಮಾವನ ಪಟ್ಟಿ ಬೆಳೆಯುತ್ತಲೇ ಹೋಯಿತು. ಕಹಳೆ ಥೇಟ್ ಜಾತ್ರೆಯ ಕೊಂಬು. ಮಂತ್ರ ಥೇಟ್ ಘನಪಾಠ. ನಡುನಡುವೆ ಆಕಳಿಸುತ್ತ ಪಕ್ಕದವನ ತೊಡೆ ಚಿವುಟುತ್ತಿದ್ದ ಪುಟ್ಟ ಭಿಕ್ಷು ಥೇಟ್ ಮೈಸೂರಿನ ಪಾಠಶಾಲೆಯ ವಟು. ಈ ಕೊನೆಯದನ್ನು ಮಾತ್ರ ನಾವೆಲ್ಲ ಒಪ್ಪಿದೆವು.

ಹೊರಗೆ ಸಾಲಾಗಿ ಮಣಿಚಕ್ರಗಳಿದ್ದವು. ಒಳಗೆ ಮಂತ್ರ ಬರೆದ ಕಾಗದದ ಸುರುಳಿ. ಒಂದು ಸಲ ತಿರುಗಿಸಿದರೆ ಅಷ್ಟೂ ಮಂತ್ರ ಜಪಿಸಿದ ಪುಣ್ಯ.

"ಥೇಟ್ ರಾಗಿಕಲ್ಲು!" ಎಂದು ಮಾವ ತೋಳು ಮೇಲೇರಿಸಿ ಎಡಕ್ಕೆ ಗರಗರ ತಿರುಗಿಸುತ್ತ ನಡೆದರು. ಎದುರಿನಿಂದ ಪಟ್ಟೆಪಟ್ಟೆ ಏಪ್ರನ್ ಕಟ್ಟಿದ ಟಿಬೆಟನ್ ಅಜ್ಜಿಯೊಬ್ಬರು ಒಂದೊಂದೇ ಚಕ್ರವನ್ನು ಬಲಕ್ಕೆ ತಿರುಗಿಸುತ್ತ ಬರುತ್ತಿದ್ದರು. ನಡುವಿನ ಚಕ್ರದ ಬಳಿ ಎರಡು ಸಂಪ್ರದಾಯಗಳು ಮುಖಾಮುಖಿಯಾದವು. ಅಜ್ಜಿ ಏನೂ ಮಾತಾಡಲಿಲ್ಲ. ಮಾವನ ಎರಡೂ ಭುಜ ಹಿಡಿದು, ಅಟ್ಟದ ಮೇಲಿನ ಹಂಡೆ ತಿರುಗಿಸುವಂತೆ ನಿಧಾನವಾಗಿ ಅರ್ಧಸುತ್ತು ತಿರುಗಿಸಿ, ಬೆನ್ನು ತಟ್ಟಿ ಮುಂದಕ್ಕೆ ಬಿಟ್ಟರು. "ಅಪ್ರದಕ್ಷಿಣೆ ಬಂದ್ರೆ ಇನ್ನೇನ್ಮಾಡ್ತಾರೆ" ಎಂದರು ಅತ್ತೆ. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ತಮ್ಮ ಕೈಲಾಗದ್ದನ್ನು ಇನ್ನೊಬ್ಬರು ಮಾಡಿದ ತೃಪ್ತಿ ಆ ದನಿಯಲ್ಲಿತ್ತು.

ದಿಕ್ಕು ಬದಲಾದರೂ ಮಾವ ಸೋಲಲಿಲ್ಲ. "ಯಾವ ದೇವರ ಮಂತ್ರ ಮರಿ ಇದು?"

"ಓಂ ಮಣಿ ಪದ್ಮೇ ಹೂಂ. ಅವಲೋಕಿತೇಶ್ವರನದು."

"ಲೋಕೇಶ್ವರ! ಥೇಟ್ ನಮ್ಮ ಕದ್ರಿ!"

ಮಗಳು ನಕ್ಕಳು. ನಗಲು ಹೊರಟ ನಾನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಯ ಕಂಚಿನ ಮೂರ್ತಿಯೊಂದಿದೆ. 968ರಲ್ಲಿ ಆಳುಪ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು. ಪೀಠದ ಶಾಸನ ಅದನ್ನು ಲೋಕೇಶ್ವರ ಎಂದೇ ಕರೆಯುತ್ತದೆ. ಅವನು ಬೌದ್ಧರ ಅವಲೋಕಿತೇಶ್ವರನೇ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಕತ್ತಲಲ್ಲಿ ಬೀಸಿದ ಕಲ್ಲು ಮಾವಿನಕಾಯಿಗೇ ತಗುಲಿತ್ತು. ಇದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ತಪ್ಪು. ಅಲ್ಲಿಂದ ಊಟದ ಹೋಟೆಲು ಮುಟ್ಟುವವರೆಗೂ ಮಾವ ನೆಲ ಮುಟ್ಟಲಿಲ್ಲ. "ಅಶೋಕನ ಹೆಸರಿರೋ ಶಾಸನ ಸಿಕ್ಕಿದ್ದೇ ನಮ್ಮ ಮಸ್ಕಿಯಲ್ಲಿ, 1915ರಲ್ಲಿ. ಬುದ್ಧ ನಮಗೇನು ಹೊಸಬನಾ?"

ಹೋಟೆಲು ಎಂದರೆ ನಾಲ್ಕು ಮೇಜಿನ ಜಾಗ. ತರಕಾರಿ ಮೊಮೊ ಬಂತು: ಥೇಟ್ ಕರ್ಜಿಕಾಯಿ, ಎಣ್ಣೆಗೆ ಬಿಡೋದು ಮರೆತು ಹಬೇಲಿ ಬೇಯಿಸಿದಾರೆ. ತುಕ್ಪಾ ಬಂತು: ಥೇಟ್ ಶ್ಯಾವಿಗೆ, ತಿಳಿಸಾರಲ್ಲಿ ಜಾರಿಬಿದ್ದಿದೆ. ಮಗಳು ಬೆಟ್ಟಿನ ಮಸಾಲೆದೋಸೆಯ ಆಸೆ ಬಿಟ್ಟು ಕೊನೆಯ ಬಾಣ ಹೂಡಿದಳು. "ತಾತನಿಗೊಂದು ಬೆಣ್ಣೆ ಟೀ."

ಬೆಣ್ಣೆ ಟೀ ನೋಡಲು ಟೀಯಂತೆಯೇ ಇತ್ತು. ಮೇಲೆ ಕೆನೆಯಂಥ ಪದರ, ಅದರ ಮೇಲೆ ಬಂಗಾರದ ಬಣ್ಣದ ಜಿಡ್ಡಿನ ಚುಕ್ಕಿಗಳು. ಮಾವ ಆತ್ಮವಿಶ್ವಾಸದಿಂದ ಒಂದು ಗುಟುಕು ಹೀರಿದರು. ನಾಲಿಗೆ ಸಕ್ಕರೆಗೆ ಸಿದ್ಧವಾಗಿತ್ತು. ಸಿಕ್ಕಿದ್ದು ಉಪ್ಪು, ಹಿಂದೆಯೇ ಬೆಣ್ಣೆ, ಅದರ ಹಿಂದೆ ಎಲ್ಲೋ ದೂರದಲ್ಲಿ ಟೀ. ಹುಬ್ಬು ಮೇಲೇರಿತು. ಗುಟುಕನ್ನು ಉಗುಳುವಂತಿಲ್ಲ, ನುಂಗಲು ಮನಸ್ಸಿಲ್ಲ. ತಲೆಯೊಳಗೆ ಬಾಂದುಕಲ್ಲಿನ ಹುಡುಕಾಟ ನಡೆದದ್ದು ಹೊರಗಿಂದಲೇ ಕಾಣುತ್ತಿತ್ತು. ಮಜ್ಜಿಗೆ? ಅಲ್ಲ. ಗಂಜಿ? ಅಲ್ಲ. ರಸಂ? ಛೆ. ಕೊನೆಗೆ ನುಂಗಿದರು.

"ಥೇಟ್..." ಎಂದರು. "ಥೇಟ್..."

ಮಗಳು ಮೇಜು ಕುಟ್ಟಿದಳು. ಗೆದ್ದಿದ್ದಳು.

"ಉಪ್ಪು ಜಾಸ್ತಿ ಆಯ್ತಾ ಸಾರ್?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೋಟೆಲಿನ ಯಜಮಾನರು ಕೇಳಿದರು. ಅರವತ್ತರ ಆಸುಪಾಸಿನ ಟಿಬೆಟನ್, ಪಿರಿಯಾಪಟ್ಟಣದ ಅಚ್ಚ ಕನ್ನಡ. "ನಮ್ ದೇಶದಲ್ಲಿ ಚಳಿ, ಅದಕ್ಕೆ ಬೆಣ್ಣೆ, ಉಪ್ಪು. ಇಲ್ಲಿ ಸೆಕೆ. ಆದ್ರೂ ಬಿಡೋಕಾಗಲ್ಲ."

ಸೋತ ಮಾವನಿಗೆ ಮಾತಿಗೊಬ್ಬರು ಬೇಕಿತ್ತು. "ನಿಮ್ಮೂರು ಹೇಗಿದೆ ಯಜಮಾನ್ರೆ? ಟಿಬೆಟ್ಟು?"

"ನಾನು ನೋಡಿಲ್ಲ ಸಾರ್. ಹುಟ್ಟಿದ್ದು ಇಲ್ಲೇ. ಅಪ್ಪ ಮೊದಲನೇ ಗುಂಪಲ್ಲಿ ಬಂದೋರು, 1960ರ ಕೊನೇಲಿ. ಮೈಸೂರು ಸರ್ಕಾರ ಮೂರು ಸಾವಿರ ಎಕರೆ ಕೊಡ್ತು, ಪೂರ್ತಿ ಕಾಡು. ಮರ ಕಡಿದು, ಡೇರೆ ಹಾಕಿ, ರಾತ್ರಿಯೆಲ್ಲ ತಗಡು ಬಡಿದು ಆನೆ ಓಡಿಸೋದು. ಅಪ್ಪ ಯಾವಾಗ್ಲೂ ಒಂದೇ ಮಾತು, ಇದು ನಮ್ಮೂರಿನ ಥರ ಇಲ್ಲ, ಇದು ನಮ್ಮೂರಿನ ಥರ ಇಲ್ಲ. ಮಳೆ ನಮ್ಮೂರಿನ ಥರ ಇಲ್ಲ, ಮಣ್ಣು ನಮ್ಮೂರಿನ ಥರ ಇಲ್ಲ, ಸೊಳ್ಳೆ ಅಂತೂ ನಮ್ಮೂರಲ್ಲಿ ಇಲ್ವೇ ಇಲ್ಲ."

ಅವರು ದೇವಾಲಯದ ಕಡೆ ಕೈ ತೋರಿಸಿದರು. "ಪೆನೋರ್ ರಿಂಪೋಚೆ ಈ ಮಠ ಶುರು ಮಾಡಿದ್ದು 1963ರಲ್ಲಿ. ಬಿದಿರಿನ ಗುಡಿಸಲು ಸಾರ್! ಅವರ ಹಳೇ ಮಠ ಪಾಲ್ಯುಲ್, ಟಿಬೆಟ್ಟಲ್ಲಿ, 1665ರದ್ದು. ಅದೇ ಪೂಜೆ, ಅದೇ ಪಾಠ ಇಲ್ಲೂ ಆಗ್ಬೇಕು ಅಂತ. ಈ ಚಿನ್ನದ ಗುಡಿ ಆಗೋ ಹೊತ್ತಿಗೆ 1999."

"ಹಾಗಾದ್ರೆ ಟಿಬೆಟ್ಟು ನೋಡೇ ಇಲ್ವಾ ನೀವು?"

"ಮೊನ್ನೆ ಮೊಮ್ಮಗಳು ಫೋನಲ್ಲಿ ಲ್ಹಾಸಾ ತೋರಿಸಿದ್ಲು. ಬಂಗಾರದ ಚಾವಣಿ, ಬಾವುಟ, ಭಿಕ್ಷುಗಳು. ನೋಡ್ತಿದ್ದ ಹಾಗೇ ನಾನಂದೆ..." ಯಜಮಾನರು ನಕ್ಕರು. "ಅರೆ, ಥೇಟ್ ನಮ್ಮ ಬೈಲಕುಪ್ಪೆ!"

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವರಂತೆ ಲೋಟ ನೋಡುತ್ತ ಕೂತರು. ಆಮೇಲೆ ಯಾರೂ ಬಲವಂತ ಮಾಡದೆ ಉಳಿದ ಟೀಯನ್ನು ಪೂರ್ತಿ ಕುಡಿದರು. ದುಡ್ಡು ಕೊಡುವಾಗ ಯಜಮಾನರ ಕೈ ಹಿಡಿದು ಏನನ್ನೋ ಹೇಳಲು ಹೋಗಿ "ಬರ್ತೀವಿ" ಎಂದಷ್ಟೇ ಹೇಳಿದರು.

ವಾಪಸು ಬರುವಾಗ ಜೋಳದ ಹೊಲ, ಬಾವುಟ ಎಲ್ಲ ಮತ್ತೆ ಹಾದುಹೋದವು. ಮುಂದಿನ ಸೀಟಿನಿಂದ ಥೇಟೂ ಇಲ್ಲ, ಗೀಟೂ ಇಲ್ಲ. ಮೈ ಹುಷಾರಿಲ್ಲವೇನೋ ಎಂದು ಅತ್ತೆ ಹಣೆ ಮುಟ್ಟಿ ನೋಡಿದರು. ಪಿರಿಯಾಪಟ್ಟಣ ದಾಟಿದ ಮೇಲೆ ಮಾವ ಬಾಯಿಬಿಟ್ಟರು.

"ಹದ್ದುಬಸ್ತು ಅಂದ್ರೆ ಗೊತ್ತೇನೋ ನಿನಗೆ?"

"ಗಡಿ ಗುರುತು ಮಾಡೋದಲ್ವಾ ಮಾವ?"

"ಹೂಂ. ಒಂದೊಂದ್ಸಲ ಹೊಲಕ್ಕೆ ಹೋದ್ರೆ ಒಂದು ಬಾಂದುಕಲ್ಲೂ ಇರಲ್ಲ. ಪ್ರವಾಹಕ್ಕೆ ಹೋಗಿರತ್ತೆ, ಇಲ್ಲ ಯಾರೋ ಕಿತ್ತಿರ್ತಾರೆ. ಆಗ ಹಳೇ ಟಿಪ್ಪಣಿ ಇಟ್ಕೊಂಡು, ಅಳತೆ ಮೇಲೆ ಅಳತೆ ಹಿಡಿದು ಹೊಸ ಕಲ್ಲು ನೆಡಬೇಕು. ಬಹಳ ಕಷ್ಟದ ಕೆಲಸ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಇಡೀ ಸರ್ವೀಸಲ್ಲಿ ಒಂದಷ್ಟು ಹೊಲಕ್ಕೆ ಮಾಡಿದೀನಿ. ಇವರು ಊರಿಗೂರೇ ಮಾಡಿದಾರೆ ಕಣೋ."

ಹುಣಸೂರಿನ ಹತ್ತಿರ ಮರದ ನೆರಳಲ್ಲಿ ಕಾರು ನಿಲ್ಲಿಸಿದೆವು. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಮಾವ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿದರು. ಮಗಳು ಕಿವಿ ನಿಮಿರಿಸಿದಳು.

"ಚೆನ್ನಾಗಿದೆ ಕಣೆ" ಎಂದರು ಅತ್ತೆಗೆ. "ಉಪ್ಪು ಒಂಚೂರು ಕಮ್ಮಿ ಆಯ್ತು."