ಹಡಗಿನ ಹೆಸರೇನ್ರೀ?

ನಿಮ್ಮಜ್ಜ ಮದ್ರಾಸಿಂದ ಸಿಲೋನಿಗೆ ಹೋಗಿದ್ರು ಅಂತ ಮದುವೆಮನೆಗಳಲ್ಲೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಯಾವ ಹಡಗಲ್ಲಿ ಹೋದ್ರು ಸ್ವಾಮಿ? "ಬೋಟ್ ಮೇಲ್!" ಅಂತೀರಿ. ಅಯ್ಯೋ, ಅದು ರೈಲು ಕಣ್ರೀ! ಎಗ್ಮೋರಲ್ಲಿ ಹತ್ತಿ, 1914ರಲ್ಲಿ ಶುರುವಾದ ಪಾಂಬನ್ ಸೇತುವೆ ದಾಟಿ, ಧನುಷ್ಕೋಡಿಯಲ್ಲಿ ಇಳಿಯೋದು. ಅಲ್ಲಿಂದ ಆಚೆ ದಡದ ತಲೈಮನ್ನಾರಿಗೆ ಅಜ್ಜ ಈಜ್ಕೊಂಡು ಹೋದ್ರಾ?

(ದಾರೀಲಿ ತಿಂದ ಇಡ್ಲಿ-ಚಟ್ನಿಯ ಕಥೆ ಮೂರು ತಲೆಮಾರು ದಾಟಿ ಬಂದಿದೆ. ಸಮುದ್ರ ದಾಟಿಸಿದ ಸ್ಟೀಮರಿನ ಹೆಸರು ಮಾತ್ರ ಯಾರಿಗೂ ಬೇಡ.)

ಹೋಗ್ಲಿ, ಬರ್ಕೊಳ್ಳಿ. ಸೌತ್ ಇಂಡಿಯನ್ ರೈಲ್ವೆಯವರು ಮೊದಲು ಬಿಟ್ಟದ್ದು ಕರ್ಜನ್, ಎಲ್ಗಿನ್, ಹಾರ್ಡಿಂಜ್. ಆಮೇಲೆ ಇರ್ವಿನ್, ಗೋಶೆನ್. ನಾಲ್ವರು ವೈಸರಾಯ್‌ಗಳು, ಒಬ್ಬ ಮದ್ರಾಸ್ ಗವರ್ನರ್. ಈಗಲೇ ಫೋನ್ ತೆಗೆದ್ರಲ್ಲ? 'ಕರ್ಜನ್' ಅಂತ ಒತ್ತಿ ನೋಡಿ, ಬಂಗಾಳ ಒಡೆದ ಮಹಾಶಯ ಬರ್ತಾನೆ. ಹೊಗೆ ಕೊಳವೆ ಇಲ್ಲ, ಬರೀ ಕೋಟು!

ಹಾರ್ಡಿಂಜ್ ಇನ್ನೂ ಪೋಕರಿ. ಅದೇ ಹೆಸರಿನ ಇನ್ನೊಂದು ಹಡಗು ಮೊದಲ ಮಹಾಯುದ್ಧದಲ್ಲಿ ಕೆಂಪು ಸಮುದ್ರದಲ್ಲಿತ್ತು, ಅರಬ್ಬರ ದಂಗೆಗೆ ನೆರವಾಗ್ತಾ. ನೀವು ಬಿಡ್ತೀರಾ? "ನಮ್ಮಜ್ಜ ಲಾರೆನ್ಸ್ ಆಫ್ ಅರೇಬಿಯಾ ಓಡಾಡಿದ ಹಡಗಲ್ಲೇ ಹೋಗಿದ್ರು!" ಅಂತ ಫ್ಯಾಮಿಲಿ ಗ್ರೂಪಿಗೆ ಹಾಕೇಬಿಡ್ತೀರಿ. ಸ್ವಲ್ಪ ತಡೀರಿ ಮಾರಾಯ್ರೇ. ಆ ಹಡಗು ಹುಟ್ಟಿದ್ದು 1900ರಲ್ಲಿ. ನಮ್ಮ ಸ್ಟೀಮರಿಗೆ ಹೆಸರು ಕೊಟ್ಟ ಹಾರ್ಡಿಂಜ್ ಸಾಹೇಬ ವೈಸರಾಯ್ ಆಗಿ ಬಂದದ್ದೇ 1910ಕ್ಕೆ. ಅವನ ತಾತನೂ ಇಲ್ಲಿ ಗವರ್ನರ್ ಜನರಲ್ ಆಗಿದ್ದ, 1844ರಲ್ಲಿ. (ಅಜ್ಜನ ಹೆಸರು ಹೇಳ್ಕೊಂಡು ತಿರುಗೋ ಚಟ ನಿಮಗೊಬ್ಬರಿಗೇ ಅಂದ್ಕೊಂಡ್ರಾ?)

ಇನ್ನು ಹಡಗಿನ ಸಿನಿಮಾ ವಿಷಯ ಎತ್ತಿದ್ರೆ ನಿಮ್ಮನ್ನ ಹಿಡಿಯೋರಿಲ್ಲ. 'ಕಪ್ಪಲೋಟ್ಟಿಯ ತಮಿಳನ್' ಮಾಡಿದ್ದು ನಮ್ಮ ಬಿ.ಆರ್. ಪಂತುಲು, 1961ರಲ್ಲಿ! ನಿಜ, ಎದೆ ಉಬ್ಬಿಸಿ. ಶಿವಾಜಿ ಮೀಸೆಯಿಂದ ಹಿಡಿದು ಎಲ್ಲ ನೆನಪಿದೆ. ವ.ಉ. ಚಿದಂಬರಂ ಪಿಳ್ಳೆ ಬ್ರಿಟಿಷ್ ಕಂಪನಿ ಎದುರು ತೂತುಕುಡಿ-ಕೊಲಂಬೋ ಓಡಿಸಿದ ಹಡಗುಗಳ ಹೆಸರು? ಕೆಮ್ಮಿದ್ದು ಸಾಕು. ಗಾಲಿಯಾ, ಲಾವೋ.

ಅಜ್ಜನ ಹಡಗನ್ನ ಹುಡುಕಲೇಬೇಕು ಅಂತಿದ್ರೆ ಎಗ್ಮೋರ್ ಸ್ಟೇಷನ್ನಿಂದ ಹೊರಗೆ ಬನ್ನಿ. ಅದೇ ಗಾಂಧಿ-ಇರ್ವಿನ್ ರಸ್ತೆಯಲ್ಲಿ ತಮಿಳುನಾಡು ಆರ್ಕೈವ್ಸ್ ಇದೆ. ನೀವು ಅದರ ಮುಂದೆ ಎಷ್ಟು ಸಲ ಆಟೋದವನ ಹತ್ರ ಚೌಕಾಸಿ ಮಾಡಿಲ್ಲ ಹೇಳಿ? ಧನುಷ್ಕೋಡಿಗೇ ಹೋಗಿ ಹುಡುಕೋಣ ಅಂದ್ರೆ, 1964ರ ಡಿಸೆಂಬರಿನ ಚಂಡಮಾರುತ ಅದನ್ನೇ ನುಂಗಿತು. ಫೆರಿ ರಾಮೇಶ್ವರಕ್ಕೆ ಬಂತು, 80ರ ದಶಕದಲ್ಲಿ ನಿಂತೂ ಹೋಯ್ತು. ಬೋಟ್ ಮೇಲ್ ಮಾತ್ರ ಬೋಟಿಲ್ಲದೆ ಇವತ್ತೂ ಓಡ್ತಿದೆ.

ಒಂದು ಗುಟ್ಟು ಹೇಳ್ಲಾ? ಹಡಗಿನ ಹೆಸರು ನಂಬಬೇಡಿ, ನಂಬರ್ ಹಿಡೀರಿ. ಬ್ರಿಟಿಷ್ ರಿಜಿಸ್ಟರಿನಲ್ಲಿದ್ದಷ್ಟು ಕಾಲ ಹೆಸರು ಬದಲಾದ್ರೂ ಅಫಿಷಿಯಲ್ ನಂಬರ್ ಬದಲಾಗಲ್ಲ. ಆದ್ರೆ ಬಾವುಟ ಬದಲಾದ್ರೆ ಮತ್ತೆ ತಲೆನೋವು. ಮದ್ರಾಸ್-ಸಿಂಗಪುರ ಓಡಾಡ್ತಿದ್ದ ರಾಜುಲಾನೇ ನೋಡಿ. 1926ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ್ದು. ಮುದಿ ವಯಸ್ಸಲ್ಲಿ, 1973ರಲ್ಲಿ, ಭಾರತದ ಶಿಪ್ಪಿಂಗ್ ಕಾರ್ಪೊರೇಷನ್ ಕೈಸೇರಿ 'ರಂಗತ್' ಆಯ್ತು. ಮರುವರ್ಷ ಮುಂಬೈಯಲ್ಲಿ ಒಡೆದು ಗುಜರಿಗೆ ಹಾಕಿದ್ರು.

ಈಗ ನಿಮ್ಮ ಕಣ್ಣು ಯಾಕೆ ರೂಮಿನ ಮೂಲೇಲಿರೋ ಕಬ್ಬಿಣದ ಬೀರು ಕಡೆ ಹೋಯ್ತು? ಎಪ್ಪತ್ತೈದರಲ್ಲಿ ತಗೊಂಡದ್ದಾ? ಗೊತ್ತಾಯ್ತು ಬಿಡಿ. ನಾಳೆ ಬರೋ ನೆಂಟರಿಗೆ ಅದೇ ರಾಜುಲಾ ಅಂತ ಧಾರಾಳವಾಗಿ ಹೇಳಿ, ನನ್ನನ್ನ ಮಾತ್ರ ಸಾಕ್ಷಿಗೆ ಕರೀಬೇಡಿ.