ಮೋರಖಂಡಿಯ ಋತುಜ್ಞರು

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುವುದೆಂದು ಕನ್ನಡ ನಾಡೆಲ್ಲ ನಂಬಿಕೊಂಡು, ಕಂಬಳಿಗಳನ್ನು ಬಿಸಿಲಿಗೆ ಹರವಿ, ಮಡಿಸಿ ಅಟ್ಟಕ್ಕೇರಿಸುವ ಸನ್ನಾಹದಲ್ಲಿರುವಾಗ, ಈ ಸರ್ವಸಮ್ಮತ ಸಿದ್ಧಾಂತವನ್ನು ಒಪ್ಪದೆ ಚಳಿಯ ಪರವಾಗಿ ವಕಾಲತ್ತು ವಹಿಸಿ ನಿಲ್ಲುವ ಮಹನೀಯರೊಬ್ಬರು ಬಸವಕಲ್ಯಾಣ, ಹುಮನಾಬಾದ ಸೀಮೆಯ ಊರೂರಿನಲ್ಲಿಯೂ ಇರುವರಾದರೂ, ಅವರ ಪರಿಪೂರ್ಣ ಮಾದರಿಯನ್ನು ಕಾಣಬಯಸುವವರು ಮೋರಖಂಡಿಗೇ ಬರಬೇಕು. ಊರವರು ಅವರನ್ನು ‘ಹವಾ ಕಾಕಾ’ ಎಂದು ಕರೆಯುವರು; ಅವರ ಘನತೆಗೆ ಆ ಹೆಸರು ಸಾಲದೆಂದು ತೋರುವುದರಿಂದ ನಾನು ಋತುಜ್ಞರೆನ್ನುತ್ತೇನೆ. ಮಾಘಮಾಸದ ಒಂದು ಮಧ್ಯಾಹ್ನ, ಸೆಕೆಯೇ ಆರಂಭವಾಯಿತೆಂದು ಯಾರಾದರೂ ಚಹದಂಗಡಿಯಲ್ಲಿ ಅಂಗಿಯ ಗುಂಡಿ ಬಿಚ್ಚಿದರೆ ಸಾಕು, ಅವರು ಬಶಿಯನ್ನು ಕೆಳಗಿಟ್ಟು, ‘ಚಳಿ ಹೋಗಿಲ್ಲಪಾ. ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕ ಹೋಗ್ಯಾದ. ತಿರುಗಿ ಬರ್ತದ. ಬರೋವಾಗ ಆಣಿಕಲ್ಲಿನ ಪ್ರಸಾದಾನೂ ತರ್ತದ’ ಎಂದು ತೀರ್ಪು ಕೊಡುವರು. ಗುಂಡಿ ಬಿಚ್ಚಿದವನು ಮರುಮಾತಿಲ್ಲದೆ ಅದನ್ನು ಹಾಕಿಕೊಳ್ಳುವನು.

ದೀಪಾವಳಿಗೆ ಋತುಜ್ಞರ ತಲೆಗೇರಿದ ಮಂಕಿ ಕ್ಯಾಪು ಯುಗಾದಿಯವರೆಗೆ ಇಳಿಯುವುದಿಲ್ಲ. ಬಿಸಿಲು ಏರಿದ ಹೊತ್ತಿನಲ್ಲಿ ಅದನ್ನು ಹಣೆಯ ತನಕ ಸುತ್ತಿ ಮೇಲೆತ್ತಿಕೊಳ್ಳುವುದೊಂದೇ ಅವರು ಸೂರ್ಯನಿಗೆ ತೋರುವ ರಿಯಾಯಿತಿ. ಅವರ ವೇಧಶಾಲೆಯ ಉಪಕರಣಗಳು ಮೂರು: ಒಂದು ಪಂಚಾಂಗ, ಒಂದು ಗಾಜು ಒಡೆದ ಮೊಬೈಲು, ಒಂದು ಎಡಗಾಲಿನ ಮೊಳಕಾಲು. ಈ ಮೂರರಲ್ಲಿ ಎರಡು ಒಪ್ಪಿದರೆ ಅದು ಬಹುಮತವೆನಿಸಿಕೊಳ್ಳುವುದು. ಮೂರೂ ಭಿನ್ನಾಭಿಪ್ರಾಯಪಟ್ಟಲ್ಲಿ ಮೊಳಕಾಲಿನದೇ ಅಂತಿಮ. ಇವಲ್ಲದೆ ಬಶಿಗೆ ಸುರಿದ ಚಹದ ಆವಿಯು ಯಾವ ದಿಕ್ಕಿಗೆ ಬಾಗುತ್ತದೆಂಬುದನ್ನು ಅವರು ಕಣ್ಣು ಕಿರಿದುಮಾಡಿ ನೋಡುವ ಪರಿಯುಂಟಷ್ಟೆ, ಅದನ್ನು ಕಂಡವರಿಗೆ ಬಂಗಾಳ ಕೊಲ್ಲಿಯೇ ಆ ಬಶಿಯೊಳಗೆ ಬಂದು ಕುಳಿತಿದೆಯೆಂದು ಅನ್ನಿಸದೆ ಇರದು. ಆವಿ ಪಡುವಣಕ್ಕೆ ಬಾಗಿದರೆ ಮೂಡಣ ಗಾಳಿ, ಅರ್ಥಾತ್ ತೇವ. ತೆಂಕಣಕ್ಕೆ ಬಾಗಿದರೆ ಬಡಗಣ ಗಾಳಿ, ಅರ್ಥಾತ್ ಚಳಿ. ನೆಟ್ಟಗೆ ಏರಿದರೆ ಚಹಾ ಚೆನ್ನಾಗಿ ಕುದಿದಿದೆ.

ಆದರೆ ಅವರ ವಿದ್ಯೆಯ ನಿಜವಾದ ಮೂಲ ಈ ಯಾವುದರಲ್ಲಿಯೂ ಇಲ್ಲ. ಅದು ಅವರ ಕಡಲೆಯ ಹೊಲದಲ್ಲಿದೆ. ತಡವಾಗಿ ಬಿತ್ತಿದ ಕಡಲೆ ಇನ್ನೂ ಹಸುರಾಗಿರುವಷ್ಟು ದಿನವೂ ನಮ್ಮ ಕಡೆಯ ಹೆಂಗಸರು ಸಂಜೆ ಹೊತ್ತು ಗಿಡಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆಯನ್ನು ಹರವಿ ಬರುವರು. ಎಲೆಗಳ ಸೂಕ್ಷ್ಮ ರೋಮಗಳಿಂದ ಒಸರುವ ಹುಳಿ ರಾತ್ರಿಯ ಇಬ್ಬನಿಯೊಡನೆ ಕೂಡಿ ಆ ಬಟ್ಟೆಗಿಳಿಯುವುದು. ಬೆಳಗು ಹರಿಯುವುದರೊಳಗೆ, ಬೆರಳುಗಳು ಸೆಟೆದುಕೊಳ್ಳುವ ಆ ಥಂಡಿಯಲ್ಲಿ, ಅದನ್ನು ಹಿಂಡಿ ಸೀಸೆಗೆ ತುಂಬಿಟ್ಟುಕೊಂಡರೆ ವರ್ಷವಿಡೀ ಹೊಟ್ಟೆಯ ಬೇನೆಗೆ ಔಷಧ. ಆಕಾಶ ನಿರ್ಮಲವಾಗಿದ್ದ ರಾತ್ರಿ ಭೂಮಿಯ ಕಾವು ಮೇಲಕ್ಕೆ ಹಾರಿಹೋಗಿ ಇಬ್ಬನಿ ಧಾರಾಳವಾಗಿ ಬೀಳುತ್ತದೆ. ಮೋಡ ಮುಚ್ಚಿದರೆ ಅದೇ ಮೋಡವು ಹೊದಿಕೆಯಾಗಿ ನೆಲ ಬೆಚ್ಚಗೇ ಉಳಿದು ಬಟ್ಟೆ ಒಣಗಿರುತ್ತದೆ. ಹೀಗೆ ಚೌಕಳಿಯಿಲ್ಲದ ಆ ಒಂದು ಮೊಳ ಬಟ್ಟೆಯು ರಾತ್ರಿಯ ಆಕಾಶದ ದಿನಚರಿಯಾಗಿದ್ದು, ಅದನ್ನು ಓದಬಲ್ಲವರು ಋತುಜ್ಞರ ಮನೆಯಾಕೆ. ಅವರು ಬರಿಗೈಯಲ್ಲಿ ಹಿಂದಿರುಗಿ ‘ಇವತ್ತ ಹುಳಿ ಇಳೀಲಿಲ್ಲ’ ಎಂದು ಒಲೆಯ ಮುಂದೆ ಹೇಳಿದ ಮೂರೇ ಮಾತು ಚಹದಂಗಡಿಯನ್ನು ಮುಟ್ಟುವಷ್ಟರಲ್ಲಿ ‘ವಾತಾವರಣದಾಗ ಭಾರಿ ಬದಲಾವಣೆ ಅದ’ ಎಂಬ ಪ್ರಕಟಣೆಯಾಗುವುದು. ಮೂಲವನ್ನು ಹೇಳುವ ವಾಡಿಕೆ ಋತುಜ್ಞರಿಗಿಲ್ಲ. ದೊಡ್ಡ ದೊಡ್ಡ ವಿದ್ವಾಂಸರಲ್ಲಿಯೂ ಅದು ಅಪರೂಪವಾದುದರಿಂದ ಇವರೊಬ್ಬರನ್ನೇ ದೂಷಿಸಲಾಗದು.

ಅವರ ಅಧಿಕಾರಕ್ಕೆ ಐತಿಹಾಸಿಕ ಆಧಾರವೂ ಉಂಟು. ರಾಷ್ಟ್ರಕೂಟ ಮೂರನೆಯ ಗೋವಿಂದನು 9ನೆಯ ಶತಮಾನದ ಆರಂಭದಲ್ಲಿ ಹೊರಡಿಸಿದ ತಾಮ್ರಶಾಸನಗಳಲ್ಲಿ ಬರುವ, ರಾಜಧಾನಿಯೆನ್ನಲಾದ ಮಯೂರಖಂಡಿ ಎಂಬುದು ಇದೇ ಮೋರಖಂಡಿಯೆಂದು ಕೆಲವು ವಿದ್ವಾಂಸರೂ, ಅಲ್ಲ, ಅದು ನಾಸಿಕ ಜಿಲ್ಲೆಯ ಮಾರ್ಕಿಂಡ ಬೆಟ್ಟವೆಂದು ಬೇರೆ ಕೆಲವರೂ ವಾದಿಸುತ್ತ ಬಂದಿರುವರು. ಋತುಜ್ಞರ ಪಾಲಿಗೆ ಈ ಎರಡನೆಯ ಪಕ್ಷವು ಶುದ್ಧ ಕಳ್ಳತನ. ರಾಜಧಾನಿಯನ್ನು ಒಯ್ದವರೇ ನಮ್ಮ ಮೋಡಗಳನ್ನೂ ಒಯ್ಯುತ್ತಿರುವರೆಂಬುದು ಅವರ ದೃಢವಾದ ಅಭಿಪ್ರಾಯ. ಏಕೆಂದರೆ ಇಲ್ಲಿ ಬೀಳಬೇಕೆಂದು ಅವರು ಸಾರಿದ ಆಲಿಕಲ್ಲು ಅನೇಕ ವೇಳೆ ಗಡಿಯಾಚೆಯ ಉಮರ್ಗಾದಲ್ಲಿಯೋ ನಿಲಂಗಾದಲ್ಲಿಯೋ ಬೀಳುತ್ತದೆ. ಇನ್ನು ಹತ್ತಿರದ ಕಲ್ಯಾಣದಲ್ಲಿ ಕುಳಿತು ‘ಮಾನಸೋಲ್ಲಾಸ’ವನ್ನು ರಚಿಸಿದ ಚಾಲುಕ್ಯ ಮೂರನೆಯ ಸೋಮೇಶ್ವರನಿಗೆ ‘ಸರ್ವಜ್ಞಚಕ್ರವರ್ತಿ’ಯೆಂಬ ಬಿರುದಿತ್ತಷ್ಟೆ, ಸಿಂಹಾಸನ ಹೋಗಿ ಎಂಟು ಶತಮಾನಗಳಾದರೂ ಬಿರುದು ಮಾತ್ರ ಈ ಸೀಮೆಯನ್ನು ಬಿಟ್ಟು ಹೋಗದೆ, ಒಂದೊಂದೂರಿನ ಒಂದೊಂದು ಚಹದಂಗಡಿಯ ಬೆಂಚಿನ ಮೇಲೆ ನೆಲೆಯೂರಿರುವಂತೆ ಕಾಣುತ್ತದೆ.

ಋತುಜ್ಞರ ಭವಿಷ್ಯ ಸುಳ್ಳಾದುದನ್ನು ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಇದಕ್ಕೆ ಅವರ ಪ್ರತಿಭೆಗಿಂತ ಆಲಿಕಲ್ಲಿನ ಸ್ವಭಾವವೇ ಹೆಚ್ಚು ಕಾರಣವೆಂದು ನನ್ನ ಊಹೆ. ಚಳಿಗಾಲದ ಕೊನೆಯಲ್ಲಿ ನೆಲ ಕಾಯತೊಡಗಿ, ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿಯೂ ವಾಯವ್ಯದಿಂದಿಳಿಯುವ ಒಣ ತಂಪು ಗಾಳಿಯೂ ದಖ್ಖನ್ ಪ್ರಸ್ಥಭೂಮಿಯ ಮೇಲೆ ಸಂಧಿಸಿದಾಗ, ಅಪರಾಹ್ಣದ ಮೋಡಗಳು ನೋಡನೋಡುತ್ತಿದ್ದಂತೆ ಗೋಪುರದಂತೆ ಬೆಳೆದು, ಅವುಗಳೊಳಗಿನ ಊರ್ಧ್ವಮುಖವಾದ ಗಾಳಿಯು ನೀರಹನಿಗಳನ್ನು ಹೆಪ್ಪುಗಟ್ಟುವ ಎತ್ತರಕ್ಕೊಯ್ದು, ಪದರದ ಮೇಲೆ ಪದರವೇರಿಸಿ, ತೂಕ ತಾಳಲಾರದಾದಾಗ ಕೆಳಗೆ ಬಿಡುವುದು. ಬಿದ್ದರೆ ಅದು ಒಂದು ಕಿರಿದಾದ ಪಟ್ಟಿಯಾಗಿ ಬೀಳುತ್ತದೆ. ಈ ಬದುವಿನ ಜೋಳ ನೆಲಕಚ್ಚಿರುವಾಗ ಆ ಬದುವಿನ ಕುಸುಬೆ ಏನೂ ಆಗದಂತೆ ಮುಳ್ಳು ಚಾಚಿ ನಿಂತಿರುತ್ತದೆ. ಇಂತಹ ಮಳೆಯನ್ನು ‘ಬರ್ತದ’ ಎಂದವರು ಗೆಲ್ಲದಿರುವುದೆಂತು? ಎಲ್ಲಿಯಾದರೂ ಬಂದೇ ಬಂದಿರುತ್ತದೆ. 2014ರ ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕದ ಗಡಿಸೀಮೆಯನ್ನೂ ಬಡಿದ ಆಲಿಕಲ್ಲಿನ ಸರಣಿಯು ರೈತರ ಪಾಲಿಗೆ ಸರ್ವನಾಶವಾಗಿ ಪರಿಣಮಿಸಿದರೆ, ಋತುಜ್ಞರ ಪಾಲಿಗೆ ಅದು ಶಾಶ್ವತವಾದ ಪ್ರಮಾಣಪತ್ರವಾಗಿ ಪರಿಣಮಿಸಿತು. ಅಂದಿನಿಂದ ಅವರ ಯಾವ ವಾಕ್ಯವೂ ‘ಹದಿನಾಲ್ಕರಾಗ ಹೇಳಿದ್ದಿಲ್ಲ?’ ಎಂದು ಆರಂಭವಾಗದೆ ಇಲ್ಲ.

ಒಮ್ಮೆ ಕಾಲೇಜಿಗೆ ಹೋಗುವ ಹುಡುಗನೊಬ್ಬನು, ಲೋಕದಲ್ಲಿಯೇ ಅತ್ಯಂತ ಮಾರಕವೆಂದು ವಿಶ್ವ ಹವಾಮಾನ ಸಂಸ್ಥೆಯು ದಾಖಲಿಸಿರುವ ಆಲಿಕಲ್ಲಿನ ಮಳೆ 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನ ಬಳಿ ಬಿದ್ದು 246 ಜನ ಸತ್ತರೆಂದು ಮೊಬೈಲಿನಿಂದ ಓದಿ ಹೇಳಿದನು. ಋತುಜ್ಞರು ‘ಮೊರಾ’ ಎಂಬಷ್ಟನ್ನೇ ಕೇಳಿ, ಉಳಿದುದನ್ನು ಕೈಸನ್ನೆಯಿಂದ ನಿಲ್ಲಿಸಿ, ‘ನಮ್ಮ ಮುತ್ತ್ಯಾ ಹೇಳ್ತಿದ್ದ’ ಎಂದರು. ಅಂದಿನಿಂದ ಆ ದುರಂತವು ಮೋರಖಂಡಿಯ ಹಳ್ಳದ ದಂಡೆಯಲ್ಲಿಯೇ ನಡೆದುದಾಗಿ ಸ್ಥಿರಪಟ್ಟಿದೆ.

ಸರ್ಕಾರದ ಹವಾಮಾನ ಶಾಸ್ತ್ರದೊಡನೆ ಅವರಿಗೆ ವೈರವಿಲ್ಲ, ದಾಯಾದಿತನವಿದೆ. 1875ರಲ್ಲಿ ಹುಟ್ಟಿದ ಭಾರತ ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪೆಂದು ಮೂರು ಬಗೆಯ ಎಚ್ಚರಿಕೆಗಳನ್ನು ಕೊಡುತ್ತದೆ; ಹಳದಿಯು ಗಮನವಿಡಲು, ಕಿತ್ತಳೆಯು ಸಿದ್ಧರಾಗಲು, ಕೆಂಪು ಕಾರ್ಯಪ್ರವೃತ್ತರಾಗಲು. ಋತುಜ್ಞರಿಗೆ ಮೊದಲಿನ ಎರಡು ಬಣ್ಣಗಳು ಹೇಡಿತನದ ಲಕ್ಷಣಗಳಾಗಿ ತೋರುವುದರಿಂದ ಅವರು ನೇರವಾಗಿ ಕೆಂಪಿನಿಂದಲೇ ಆರಂಭಿಸುವರು. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು ರೈತರ ಪ್ರಶ್ನೆಗಳಿಗೆ ಉತ್ತರಿಸಲೆಂದು ‘ವರುಣ ಮಿತ್ರ’ ಎಂಬ ಸಹಾಯವಾಣಿಯನ್ನಿರಿಸಿರುವರಷ್ಟೆ. ಇವರು ಅಲ್ಲಿಗೆ ಫೋನು ಮಾಡುವುದು ಕೇಳುವುದಕ್ಕಲ್ಲ, ಹೇಳುವುದಕ್ಕೆ. ನಗುವವರು ಸ್ವಲ್ಪ ತಾಳಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1887ರಿಂದ ಫೆಬ್ರವರಿ 2ರಂದು ಬಿಲದಿಂದ ಹೊರತೆಗೆದ ಒಂದು ಪ್ರಾಣಿಯು ತನ್ನ ನೆರಳನ್ನು ಕಂಡರೆ ಚಳಿ ಇನ್ನೂ ಆರು ವಾರ ಇರುವುದೆಂದು, ಉದ್ದನೆಯ ಟೋಪಿ ಧರಿಸಿದ ಸದ್ಗೃಹಸ್ಥರು ಸಾವಿರಾರು ಜನರೆದುರು ಘೋಷಿಸುತ್ತಾರೆ. ನಮ್ಮವರಿಗಾದರೋ ಮಾತು ಬರುತ್ತದೆ; ಟೋಪಿಯೂ ಅವರ ಸ್ವಂತದ್ದು.

ಇನ್ನು ಮಳೆ ಬಂದುಹೋದ ಮರುದಿನದ ಚಳಿ. ಇದರಲ್ಲಿ ಮಾತ್ರ ಋತುಜ್ಞರ ಮಾತನ್ನು ನಾನೂ ಶಿರಸಾವಹಿಸುತ್ತೇನೆ. ಮೋಡ ಸರಿದು, ಬಡಗಣ ಗಾಳಿ ಅಡೆತಡೆಯಿಲ್ಲದೆ ಬೀಸತೊಡಗಿತೆಂದರೆ, ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿ ಬಯಲಾಗಿ ಬಿದ್ದಿರುವ ಈ ಕಲ್ಯಾಣದ ನೆಲವು ಒಂದೇ ರಾತ್ರಿಯಲ್ಲಿ ತನ್ನ ಕಾವನ್ನೆಲ್ಲ ಕಳೆದುಕೊಳ್ಳುವುದು. ಬಯಲುಸೀಮೆಯಲ್ಲಿ ಕನಿಷ್ಠ ತಾಪಮಾನವು 10 ಡಿಗ್ರಿಗೆ ಇಲ್ಲವೆ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಿದ್ದರೆ ಅದು ಶೀತಗಾಳಿಯೆಂದು ಇಲಾಖೆಯ ನಿಯಮ. ಋತುಜ್ಞರ ನಿಯಮದ ಪ್ರಕಾರ ಚಹದಂಗಡಿಯವನು ಗಲ್ಲೆಯ ಚಿಲ್ಲರೆಯನ್ನು ಮುಟ್ಟಲು ಹಿಂಜರಿದರೆ ಶೀತಗಾಳಿ. ಆ ಬೆಳಗ್ಗೆ ಅಟ್ಟದ ಕಂಬಳಿಗಳನ್ನು ಪುನಃ ಇಳಿಸಿಕೊಂಡು ಹೊದ್ದು ಬಂದವರೆಲ್ಲರ ನಡುವೆ, ಮಂಕಿ ಕ್ಯಾಪನ್ನು ಗಲ್ಲದವರೆಗೆ ಎಳೆದುಕೊಂಡು ‘ಮೈಲಾರದಿಂದ ಬಂತಲ್ಲಪಾ’ ಎನ್ನುವಾಗ ಅವರ ಮುಖದಲ್ಲಿ ಕಾಣುವಷ್ಟೇ ಭಾಗ ಕಣ್ಣುಗಳಾದರೂ ಆ ಕಣ್ಣುಗಳಲ್ಲಿ ಪಟ್ಟಾಭಿಷೇಕದ ಕಳೆಯಿರುತ್ತದೆ.

ನಿಜವಾಗಿ ಆಲಿಕಲ್ಲು ಬಿದ್ದ ಸಂಜೆಯಂತೂ ಅಂಗಡಿಯು ನ್ಯಾಯಾಲಯವಾಗುವುದು. ಮಾವಿನ ಹೂವೆಲ್ಲ ಉದುರಿ ತೋಟದ ನೆಲ ಕಂದಿರುವಾಗ, ತೆನೆ ಕಟ್ಟಿದ ಜೋಳ ಮಲಗಿರುವಾಗ, ಋತುಜ್ಞರು ಎತ್ತುವ ಪ್ರಶ್ನೆ ಎಷ್ಟು ಹಾನಿಯಾಯಿತೆಂಬುದಲ್ಲ, ತಾವು ಹೇಳಿದ್ದು ಮಂಗಳವಾರವೋ ಬುಧವಾರವೋ ಎಂಬುದು. ಸಾಕ್ಷಿಗಳು ಬರುವರು, ಪಾಟೀ ಸವಾಲು ನಡೆಯುವುದು, ಮೊದಲ ಕಲ್ಲು ಹನುಮಪ್ಪನ ಗುಡಿಯ ತಗಡಿನ ಮೇಲೆ ಬಿದ್ದುದು ಮೂರೂವರೆಗೋ ನಾಲ್ಕಕ್ಕೋ ಎಂಬುದರ ಮೇಲೆ ಎರಡು ಪಕ್ಷಗಳಾಗಿ, ವಿಚಾರಣೆ ಮರುದಿನಕ್ಕೂ ಅದರ ಮರುದಿನಕ್ಕೂ ಮುಂದೂಡಲ್ಪಡುವುದು. ಮನೆಯಾಕೆ ಮಾತ್ರ ಹುಳಿ ಇಳಿಯದ ಆ ಬೆಳಗ್ಗೆಯೇ ಯಾರಿಗೂ ಹೇಳದೆ ರಾಶಿಯ ಮೇಲೆ ತಾಡಪತ್ರಿ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರಿ ಬಂದಿರುತ್ತಾರೆ. ನನ್ನ ಮಟ್ಟಿಗೆ ಊರಿನ ಹವಾಮಾನ ಇಲಾಖೆ ಅವರೇ.

ಫಸಲ್ ಬಿಮಾ ಮಾಡಿಸಿರುವವರು ಆಲಿಕಲ್ಲಿನಿಂದ ಬೆಳೆ ಹಾಳಾದಲ್ಲಿ 72 ಗಂಟೆಗಳೊಳಗೆ ವಿಮೆಯವರಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕೆಂಬುದು ಯೋಜನೆಯ ಕಟ್ಟಳೆ. ಮೋರಖಂಡಿಯ ಬಂಧುಗಳು ಮೊದಲು ಆ ಫೋನು ಮಾಡಿ ಮುಗಿಸಿ, ಆಮೇಲೆ ಋತುಜ್ಞರಿಗೆ ಸಾಕ್ಷಿ ಹೇಳಲು ಹೋಗಬೇಕಾಗಿ ವಿನಂತಿ.